‘ಯಾವ ಜನ?’ ಎಂದು ಕೇಳುವ ವಿನೋದಾ

ಬೆಳಗಿನ ಐದೂವರೆ. ಅಮೆರಿಕದ ಈಸ್ಟ್ ಬೇಯ ಆಸ್ಪತ್ರೆಯೊಂದರ ತುರ್ತು ವಿಭಾಗ. ಒಳಗೆ ಒಯ್ದ ಮಗಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಪ್ಪನೊಬ್ಬ ನೋಂದಣಿ ಕಿಟಕಿಯ ಮುಂದೆ ನಿಂತಿದ್ದಾನೆ. ಮಗಳು ತನಗೆ ತಾನೇ ಘಾಸಿ ಮಾಡಿಕೊಂಡಿದ್ದಾಳೆ. ಕಿಟಕಿಯ ಈಚೆ ಕೂತ ವಿನೋದಾ ಹೆಸರು, ಹುಟ್ಟಿದ ದಿನ, ವಿಳಾಸ ಬರೆದುಕೊಂಡು ತಲೆಯೆತ್ತುತ್ತಾರೆ. “ನೀವು ಯಾವ ಜನ?” ಅಪ್ಪನ ಮುಖ ಬಿಗಿಯುತ್ತದೆ.

ಒಂದು ಪಾಳಿಗೆ ಅರವತ್ತು ಅರ್ಜಿ, ಪ್ರತಿಯೊಂದರಲ್ಲೂ ಜನಾಂಗದ ಕಾಲಮ್ಮು, ಅರವತ್ತು ಸಲ ಇದೇ ಪ್ರಶ್ನೆ. ಸ್ಯಾನ್ ರಮೋನಿನಿಂದ ಕತ್ತಲಲ್ಲೇ ಕಾರು ಓಡಿಸಿಕೊಂಡು ಬರುವ ಈ ಉಡುಪಿಯ ಹೆಣ್ಣುಮಗಳಿಗೆ ಅದನ್ನು ಬಾಯಿಬಿಟ್ಟು ಕೇಳಲು ಹನ್ನೊಂದು ವರ್ಷ ಬೇಕಾಯಿತು. “ನೀವು ಯಾವ ಪೈಕಿ?” ಎಂದು ಊರಲ್ಲಿ ಜಾತಿ ಕೇಳಿದ ಮಾತಿಗೆ ಉತ್ತರ ಕೊಟ್ಟೊಡನೆ ಜಗಲಿಯ ಬದಲು ಅಂಗಳ ತೋರಿಸಿಕೊಂಡ ಮನೆತನ ಅವರದು.

“ಆ ಪ್ರಶ್ನೆ ನನ್ನ ಬಾಯಲ್ಲಿ ಬರ್ಲೇಬಾರ್ದು ಅಂತ ಇತ್ತು ಮಾರಾಯ್ರೆ. ಮುಖ ನೋಡಿ ಏಷ್ಯನ್ ಅಂತ ಟಿಕ್ಕು ಹಾಕಿ ಬಿಡ್ತಿದ್ದೆ. ಅದೇ ಮರ್ಯಾದೆ ಅಂದ್ಕೊಂಡಿದ್ದೆ,” ಎನ್ನುತ್ತಾರೆ ವಿನೋದಾ, ನನ್ನೊಡನೆ ಮಾತಿಗೆ ಕೂತಾಗ.

ಆ ಮರ್ಯಾದೆ ದುಬಾರಿಯಾಯಿತು. ಟೋಂಗಾ, ಸಮೋವಾದಂಥ ಪೆಸಿಫಿಕ್ ದ್ವೀಪಗಳ ಮಕ್ಕಳನ್ನು ಏಷ್ಯನ್ನರ ಕಾಲಮ್ಮಿಗೆ ತುಂಬಿದರೆ, ನಮ್ಮಂಥ ಭಾರತೀಯ ಇಂಜಿನಿಯರುಗಳ ಮನೆಯ ಲೆಕ್ಕದಲ್ಲಿ ಅವರ ಗಾಯ ಕಾಣದೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಇಲ್ಲವೆಂದಲ್ಲ, ಮುಚ್ಚಿಡುವುದರಲ್ಲಿ ನಾವು ನಿಸ್ಸೀಮರು. ಸರಾಸರಿ ಮಾತ್ರ ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತದೆ. ದ್ವೀಪದವರ ಮಾತು ಬಲ್ಲ ಆಪ್ತಸಮಾಲೋಚಕಿಯೊಬ್ಬರು ಆಸ್ಪತ್ರೆಯಲ್ಲಿದ್ದಾರೆ. ಅವರಿಗೆ ಕರೆ ಹೋಗುವುದೂ ಅದೇ ಕಾಲಮ್ಮು ನೋಡಿ.

ನಾಲ್ಕು ವರ್ಷದ ಹಿಂದೆ, ಹೀಗೇ ಘಾಸಿ ಮಾಡಿಕೊಂಡ ಹದಿನಾರರ ಹುಡುಗಿಯೊಬ್ಬಳನ್ನು ತಂದಿದ್ದರು. ಅವಳ ಹೆಸರನ್ನು ವಿನೋದಾ ಯಾರಿಗೂ ಹೇಳುವುದಿಲ್ಲ. ಅಂದು ಅವರೇ ಏಷ್ಯನ್ ಎಂದು ಟಿಕ್ಕು ಹಾಕಿದರು, ಕರೆ ಹೋಗಲಿಲ್ಲ. ತಾಯಿಗೆ ಓದಲು ಬಾರದ ಇಂಗ್ಲಿಷ್ ಕಾಗದವೊಂದನ್ನು ಕೊಟ್ಟು ಆಸ್ಪತ್ರೆಯವರು ಮನೆಗೆ ಕಳಿಸಿದರು. ಐದು ವಾರಕ್ಕೆ ಮತ್ತೆ ತಂದರು. ಹುಡುಗಿ ಬದುಕಲಿಲ್ಲ. ಆದರೂ ಅರ್ಜಿ ತುಂಬಲೇಬೇಕಿತ್ತು. ವಿನೋದಾ ಮೊದಲ ಸಲ ಕೇಳಿದರು.

“ಟೋಂಗಾ,” ಎಂದರು ತಾಯಿ. “ಹೋದ ಸಲ ಯಾರೂ ಕೇಳಲಿಲ್ಲ.”

ಇದನ್ನು ಹೇಳುವಾಗ ವಿನೋದಾ ನನ್ನ ಮುಖ ನೋಡುವುದಿಲ್ಲ. “ಕರೆ ಹೋಗಿದ್ರೆ ಉಳೀತಿತ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ, ಡಾಕ್ಟ್ರೂ ಹಾಗೇ ಹೇಳ್ತಾರೆ. ಆದ್ರೆ ಕರೆ ಹೋಗ್ಲಿಲ್ಲ ಅಲ್ವಾ?”

ಕಿಟಕಿಯ ಮುಂದಿನ ಅಪ್ಪ ಸಿಡುಕುತ್ತಾನೆ. “ನಾವು ಯಾವ ಜನವಾದರೆ ನಿಮಗೇನು?”

ವಿನೋದಾ ಎದ್ದು ನಿಲ್ಲುತ್ತಾರೆ. “ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯೋದಕ್ಕಲ್ಲ. ನಿಮಗಾಗಿ ಯಾರನ್ನು ಕರೆಯಬೇಕು ಅಂತ ತಿಳಿಯೋದಕ್ಕೆ.”

ಆತ ಚಪ್ಪಲಿ ಕೆಳಗಿಟ್ಟು ಉತ್ತರ ಹೇಳುತ್ತಾನೆ. ವಿನೋದಾ ಫೋನು ಎತ್ತುತ್ತಾರೆ.