ಕಡಿಮೆ ಮಾಡುವ ಡಬ್ಬಿ

ಈ ಡಬ್ಬಿ ಮನೆಗೆ ತಂದಾಗ ನನಗೆ ಅರವತ್ತೆಂಟು. ಈಗ ಅದಕ್ಕೆ ಮೂರು ವರ್ಷವಾಯಿತು. ಗಂಡ ಸತ್ತು ಆಗಲೇ ಎರಡು ವರ್ಷ ಕಳೆದಿತ್ತು.

ಅವರದು ಬಸವಕಲ್ಯಾಣದಲ್ಲಿ ಮೈಕ್ ಸೆಟ್ಟಿನ ದಂಧೆ. ಮದುವೆ, ತೊಟ್ಟಿಲು, ಭಾಷಣ, ಎಲ್ಲಕ್ಕೂ ಬಾಡಿಗೆಗೆ ಕೊಡುತ್ತಿದ್ದರು. ನಮಗೆ ಮಕ್ಕಳಿಲ್ಲ. ಜೊತೆಗೆ ಹೋಗುವವಳು ನಾನೇ. ಅವರು ಆಂಪ್ಲಿಫೈಯರ್ ಮುಂದೆ ಕೂತು ಗುಂಡಿ ತಿರುಗಿಸುವರು, ನಾನು ಓಣಿಯ ಆ ತುದಿಗೆ ಹೋಗಿ ನಿಲ್ಲುವೆ. ಅಲ್ಲಿಗೆ ಮಾತು ಸ್ಪಷ್ಟವಾಗಿ ಕೇಳಿಸಿದರೆ ಕೈ ಎತ್ತಬೇಕು. ಕೈ ಎತ್ತಿದರೆ ಸಾಕು ಅಂತ ಅರ್ಥ. ಮೂವತ್ತು ವರ್ಷ ನಾನು ಮಾಡಿದ ಕೆಲಸ ಇಷ್ಟೇ, ದೂರ ನಿಂತು ಕೈ ಎತ್ತೋದು. ಎಷ್ಟೋ ಮದುವೆಗಳಲ್ಲಿ ಮದುಮಗನ ಮುಖ ನೋಡಲೇ ಇಲ್ಲ.

ಡಿಜೆ ಬಂದ ಮೇಲೆ ದಂಧೆ ಕೂತುಬಿಟ್ಟಿತು. ಸಾಮಾನೆಲ್ಲ ಮಾರಿದರು. ತಾವೇ ಕಟ್ಟಿದ ಒಂದು ಆಂಪ್ಲಿಫೈಯರ್, ಹಾಡಿನ ಸಿಡಿ ಪ್ಲೇಯರ್, ಎರಡು ದೊಡ್ಡ ಸ್ಪೀಕರ್ ಮಾತ್ರ ಮನೆಯಲ್ಲಿಟ್ಟುಕೊಂಡರು. ಸಂಜೆ ಅದರ ಮುಂದೆ ಕೂತು ಹಾಡು ಕೇಳುವರು. ನಾನು ಆಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದೆ. ಅವರು ಹೋದ ಮೇಲೆ ನಾನೇ ಹಚ್ಚತೊಡಗಿದೆ. ಹಾಡಿನ ಹುಚ್ಚೇನೂ ಇಲ್ಲ. ಮನೆಯಲ್ಲಿ ಒಂದು ದನಿ ಬೇಕಲ್ಲ, ಅದಕ್ಕೆ.

ಆದರೆ ಗುಂಡಿ ಕೆಟ್ಟಿತ್ತು. ಕೂದಲೆಳೆಯಷ್ಟು ತಿರುಗಿಸಿದರೆ ಗರ್ ಅನ್ನುವುದು. ಇನ್ನೊಂದು ಎಳೆ ತಿರುಗಿಸಿದರೆ ಇಡೀ ಓಣಿ ಎದ್ದು ಕೂರುವುದು. ಒಂದೋ ಮೌನ, ಇಲ್ಲವೇ ಮದುವೆ, ನಡುವೆ ಏನೂ ಇರಲಿಲ್ಲ.

ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯವಳಿಗೆ ನಲವತ್ತರ ಹತ್ತಿರ. ಅವಳ ಗಂಡ ಹುಮನಾಬಾದಿನ ಕಾರ್ಖಾನೆಗೆ ಹೋಗುವವನು, ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅವಳು ದಿನಾ ಬೆಳಿಗ್ಗೆ ನನ್ನಲ್ಲಿಗೆ ಚಹಾಕ್ಕೆ ಬರುವಳು. ಇಡೀ ದಿನದಲ್ಲಿ ನನ್ನ ಜೊತೆ ಮಾತಾಡುವವಳು ಅವಳೊಬ್ಬಳೇ. ರಾತ್ರಿ ಪಾಳಿಯ ವಾರದಲ್ಲಿ ನನ್ನ ಹಾಡಿಗೆ ಅವಳ ಗಂಡ ಮೂರು ಸಲ ನಿದ್ದೆಯಿಂದೆದ್ದ. ಮೂರನೇ ಸಲ ಅವಳು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಆಯಿ, ಆ ಮನಶ್ಯಾ ರಾತ್ರಿಯೆಲ್ಲಾ ನಿಂತು ದುಡದು ಬಂದಾನ. ನಿಮ್ಮ ಮಿಶನ್ ಅವನ ತಲಿ ಮ್ಯಾಲ ಕುಣ್ಯಾಕತ್ತದ."

"ಸಣ್ಣ ಮಾಡಿದ್ರ ಪೂರಾ ಬಂದ್ ಆಗತದ. ನಾ ಏನ್ ಮಾಡ್ಲಿ?"

"ಡಿಜೆದವರಿಗಿ ಕೊಟ್ಟುಬಿಡ್ರಿ. ಅದು ಮನ್ಯಾಗ ಇರೋತನ ನಾ ನಿಮ್ಮ ಹೊಸ್ತಿಲಾ ದಾಟಂಗಿಲ್ಲ."

"ದಾಟಬ್ಯಾಡ ಹೋಗು," ಅಂದೆ.

ನನ್ನ ಬಾಯಿ ಅಂಥದ್ದು. ಅವಳೂ ಮಾತಿಗೆ ಗಟ್ಟಿ. ಮೂರು ವಾರ ಬರಲಿಲ್ಲ. ಹಾಡು ಹಚ್ಚಿದರೆ ಆ ಕಡೆಯಿಂದ ಗೋಡೆ ಬಡಿಯುವಳು, ಅಷ್ಟೇ. ನಾನು ರೂಢಿಯಲ್ಲಿ ಎರಡು ಕಪ್ಪಿನ ಚಹಾ ಇಡುವೆ, ಎರಡನೆಯದನ್ನೂ ನಾನೇ ಕುಡಿಯುವೆ. ಡಿಜೆಯವನೊಬ್ಬ ಬಂದು ಕೇಳಿಯೂ ಹೋದ. ಕೊಟ್ಟರೆ ಮನೆ ಮೂಕವಾಗುತ್ತದೆ. ಕೊಡದಿದ್ದರೆ ಅವಳು ಬರುವುದಿಲ್ಲ. ನನಗೆ ಎರಡೂ ಬೇಕಾಗಿದ್ದವು.

ಹುಮನಾಬಾದಿನಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬನಿದ್ದಾನೆ. ನನ್ನ ಗಂಡನ ಕೂಡ ಕೆಲಸ ಕಲಿತವನು, ಅವರಿಗೆ ಅಣ್ಣ, ನನಗೆ ವೈನಿ ಅನ್ನುವವನು. ಆಂಪ್ಲಿಫೈಯರನ್ನು ಹಳೆ ಚಾದರದಲ್ಲಿ ಗಂಟು ಕಟ್ಟಿ, ಹೊತ್ತು ಬಸ್ಸಿಗೆ ಹತ್ತಿದೆ. ಕಂಡಕ್ಟರ್ ಗಂಟನ್ನು ಕಾಲಿನಿಂದ ಮುಟ್ಟಿ ನೋಡಿದ.

"ಯಾರದಿದು?"

"ನನ್ನ ಗಂಡಂದು."

"ಅವರೆಲ್ಲಿ?"

"ಅವರಿಗಿ ಟಿಕೇಟ್ ಬೇಕಿಲ್ಲಪ್ಪ."

ಅವನು ನನ್ನೊಬ್ಬಳ ಟಿಕೇಟು ಹರಿದು ಕೊಟ್ಟ.

ರಿಪೇರಿಯವನು ಮುಚ್ಚಳ ಬಿಚ್ಚಿ ಬಹಳ ಹೊತ್ತು ಒಳಗೆ ನೋಡಿದ.

"ವೈನಿ, ಅಣ್ಣ ಇದನ್ನ ಸಾವಿರ ಮಂದಿಗಿ ಅಂತ ಕಟ್ಯಾನ. ನಿಮ್ಮ ಮನ್ಯಾಗ ಎಷ್ಟು ಮಂದಿ ಇದ್ದೀರಿ?"

"ನಾ ಒಬ್ಬಾಕಿ."

"ಅದೇ ಮತ್ತ."

ಹಳೆ ಗುಂಡಿ ಕಿತ್ತು ಮುಂದೆ ಬೇರೆಯದನ್ನು ಜೋಡಿಸಬೇಕು ಅಂದ. ಎರಡು ತೋರಿಸಿದ. ಒಂದು ಕರೆಂಟಿನದು. ಅದಕ್ಕೆ ನೀಲಿ ದೀಪ, ರಿಮೋಟ್, ಎಲ್ಲ ಇತ್ತು. ಇನ್ನೊಂದು ಬರೇ ಅಂಗೈ ಅಗಲದ ತಗಡಿನ ಡಬ್ಬಿ, ಮೇಲೊಂದು ಗುಂಡಿ. ಕರೆಂಟಿನ ವೈರೇ ಇಲ್ಲ.

"ಇದಕ್ಕ ಪ್ಯಾಸಿವ್ ವಾಲ್ಯೂಮ್ ಅಂತಾರ್ರಿ. ಇದು ಆವಾಜ್ ಜಾಸ್ತಿ ಮಾಡಂಗಿಲ್ಲ, ಬರೇ ಕಡಿಮಿ ಮಾಡತದ. ನಳ ಇದ್ದಂಗ. ನಳ ಏನು ನೀರು ಹುಟ್ಟಸತದೇನ್ರಿ? ತಡದು ತಡದು ಬಿಡತದ."

"ಹಚ್ಚಿ ತೋರ್ಸು," ಅಂದೆ.

ಅವನು ಮೊದಲು ಕರೆಂಟಿನದನ್ನು ಜೋಡಿಸಿ ಹಾಡು ಹಚ್ಚಿದ. ನಾನು ಎದ್ದು ಅಂಗಡಿಯಿಂದಿಳಿದು, ಲಾರಿಗಳ ನಡುವೆ ರಸ್ತೆ ದಾಟಿ, ಆ ಕಡೆಯ ಗೊಬ್ಬರದ ಅಂಗಡಿಯ ಮುಂದೆ ನಿಂತೆ. ಲಾರಿಯ ಸದ್ದಿನಲ್ಲಿ ಏನೂ ಕೇಳಲಿಲ್ಲ. ಅವನು ಬಾಗಿಲಿಗೆ ಬಂದು ಕೂಗಿದ.

"ವೈನಿ, ಎಲ್ಲಿಗಿ ಹೊಂಟ್ರಿ?"

"ಹಚ್ಚು ನೀ. ಕೇಳಿದ್ರ ಕೈ ಎತ್ತತೀನಿ."

"ಇದು ಮಂಟಪಕ್ಕಲ್ರಿ, ಮನಿಗಿ. ಬಂದು ಸ್ಟೂಲ್ ಮ್ಯಾಲ ಕುಂದರ್ರಿ."

ಗೊಬ್ಬರದ ಅಂಗಡಿಯವರು ನಕ್ಕರು. ನಾನು ನಗಲಿಲ್ಲ. ಹಾಡು ಸರಿಯಿದೆಯೋ ಇಲ್ಲವೋ ಅಂತ ಹತ್ತಿರ ಕೂತು ಹೇಳುವುದು ನನಗೆ ಗೊತ್ತೇ ಇರಲಿಲ್ಲ. ಹೋಗಿ ಕೂತೆ.

ಕರೆಂಟಿನದು ದನಿಯನ್ನು ದಪ್ಪ ಮಾಡಿತು. ಚೆನ್ನಾಗಿಯೇ ಇತ್ತು. ಆದರೆ ಹಾಡು ನಿಂತ ಮೇಲೂ ಒಳಗೆ ಸುಂಯ್ ಅನ್ನುತ್ತಿತ್ತು. ಗಂಡ ಸತ್ತ ವರ್ಷ ಬರೇ ಫ್ಯಾನಿನ ಸದ್ದು ಕೇಳುತ್ತ ದಿನ ಕಳೆದವಳು ನಾನು. ಖಾಲಿ ಮನೆಯಲ್ಲಿ ಅಂಥ ಸುಂಯ್ ಏನು ಮಾಡುತ್ತದೆ ಅಂತ ಬಲ್ಲೆ. ತಗಡಿನ ಡಬ್ಬಿ ಹಾಕಿದಾಗ ಹಾಡು ನಿಂತರೆ ಎಲ್ಲ ನಿಂತಿತು. ತನ್ನದು ಅಂತ ಒಂದು ಸದ್ದನ್ನೂ ಸೇರಿಸಲಿಲ್ಲ.

"ಇದೇ ಇರಲಿ."

"ವಿಚಾರ ಮಾಡ್ರಿ. ಇದಕ್ಕ ರಿಮೋಟ್ ಇಲ್ಲ. ವೈರ್ ಉದ್ದ ಆದ್ರ ಆವಾಜ್ ಮಬ್ಬಾಗತದ, ಒಂದು ಮೊಳಕ್ಕಿಂತ ಜಾಸ್ತಿ ಹಾಕಂಗಿಲ್ಲ. ಮಂಚದ ಮ್ಯಾಲ ಮಲಕೊಂಡು ತಿರುಗಸ್ತೀನಿ ಅಂದ್ರ ಆಗಂಗಿಲ್ಲ. ಅದರ ಮಗ್ಗಲಿಗೇ ಕುಂದರಬೇಕು."

"ಕುಂದರತೀನಿ. ನನಗೇನು ಬ್ಯಾರೆ ಕೆಲಸ?"

ಆ ಡಬ್ಬಿಯಲ್ಲೂ ಎರಡು ಥರ. ಒಂದರ ಗುಂಡಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಇನ್ನೊಂದು ತಿರುಗಿಸಿದರೆ ಕಟ್, ಕಟ್ ಅಂತ ಒಂದೊಂದು ಹಲ್ಲಿಗೆ ಕೂರುತ್ತಿತ್ತು, ಇಪ್ಪತ್ತನಾಲ್ಕು ಹಲ್ಲು. ಹಲ್ಲಿನದನ್ನೇ ತೆಗೆದುಕೊಂಡೆ. ಬರೆದಿದ್ದನ್ನು ನಾನು ತಡವರಿಸಿ ಓದುವವಳು, ಎಣಿಸುವುದಾದರೆ ಕಣ್ಣು ಬೇಕಿಲ್ಲ, ಬೆರಳು ಸಾಕು.

ಅವನು ಅಲ್ಲೇ ಬೆಸುಗೆ ಹಾಕಿ ಕೊಟ್ಟ. ಸಂಜೆಯೊಳಗೆ ಮನೆಗೆ ಬಂದು, ಅವನು ಹೇಳಿದ ಹಾಗೆ ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ವೈರ್ ಸಿಕ್ಕಿಸಿದೆ. ಮಣೆ ಹಾಕಿಕೊಂಡು ಡಬ್ಬಿಯ ಮಗ್ಗಲಿಗೆ ಕೂತೆ. ಒಂದನೇ ಹಲ್ಲಿಗೆ ಏನಿಲ್ಲ. ಎರಡಕ್ಕೆ ಯಾರೋ ಪಿಸುಗುಟ್ಟಿದ ಹಾಗೆ. ಮೂರಕ್ಕೆ ಸರಿಯಾಯಿತು.

ಅದೇ ಹಾಡನ್ನು ನಾನು ನೂರು ಸಲ ಕೇಳಿದ್ದೆ, ಓಣಿಯ ತುದಿಯಿಂದ. ಹಾಡುವಾಕೆ ಸಾಲಿನ ನಡುವೆ ಉಸಿರು ಎಳೆದುಕೊಳ್ಳುತ್ತಾಳೆ ಅಂತ ಗೊತ್ತಿರಲಿಲ್ಲ. ಹಾರ್ಮೋನಿಯಂ ಪೇಟಿಯ ಸ್ವರದ ಮನೆ ಒತ್ತಿದಾಗ ಉಗುರು ತಾಗುವುದು ಎಡಗಡೆಯಿಂದ ಕೇಳಿಸಿತು. ಅವರು ಎಷ್ಟೋ ವರ್ಷ ಇಲ್ಲೇ ಕೂತು ಇದನ್ನು ಕೇಳಿದ್ದರು. ಬಾ, ಕೂತು ಕೇಳು ಅಂತ ನನಗೊಂದು ದಿನ ಅನ್ನಲಿಲ್ಲ. ನಾನೂ ರೊಟ್ಟಿ ಬಿಟ್ಟು ಹೋಗಿ ಕೂರಲಿಲ್ಲ. ಇಬ್ಬರದೂ ತಪ್ಪು, ಆದರೆ ಈಗ ಅದನ್ನು ಹಂಚಿಕೊಳ್ಳುವವರಿಲ್ಲ.

ಹಾಡು ಮುಗಿಯಿತು, ಇನ್ನೊಂದು ಬಂತು, ಅದೂ ಮುಗಿಯಿತು. ಆಗ ಲಕ್ಷ್ಯಕ್ಕೆ ಬಂತು. ಅವಳು ಗೋಡೆ ಬಡಿದಿರಲಿಲ್ಲ.

ನನಗೆ ಬೇಕಾಗಿದ್ದೂ ಅದೇ. ಆದರೂ ಎದ್ದು ಗೋಡೆಗೆ ಕಿವಿ ಹಚ್ಚಿದೆ. ಮೂರು ವಾರ ಅವಳು ಬೈಯಲಿಕ್ಕಾದರೂ ಗೋಡೆ ಬಡಿದಿದ್ದಳು. ಈಗ ನಾನು ಹಾಡು ಹಚ್ಚಿದ್ದೇ ಅವಳಿಗೆ ಗೊತ್ತಿಲ್ಲ. ಅವಳ ಮಟ್ಟಿಗೆ ಮಿಶನ್ ಇನ್ನೂ ಅದೇ, ಸಿಟ್ಟೂ ಅದೇ. ಹೋಗಿ ಹೇಳಬಹುದಿತ್ತು. ಎದ್ದು ಬಾಗಿಲ ತನಕ ಹೋದೆ, ಚಪ್ಪಲಿಯಲ್ಲಿ ಒಂದು ಕಾಲೂ ಇಟ್ಟೆ. ದಾಟಬ್ಯಾಡ ಹೋಗು ಅಂದ ಬಾಯಿಗೆ ಬಾ ಅನ್ನುವುದು ಬರಲಿಲ್ಲ. ವಾಪಸ್ ಬಂದು ಮೂರನೇ ಹಲ್ಲಿನ ಹಾಡು ಕೇಳಿ, ಉಂಡು ಮಲಗಿದೆ.

ಆ ವಾರ ಅವಳ ಗಂಡನದು ಹಗಲು ಪಾಳಿ. ಮರುದಿನ ಬೆಳಿಗ್ಗೆ ಅವನ ಚಪ್ಪಲಿಯ ಸದ್ದು ಓಣಿ ದಾಟಿ ಬಸ್ಸಿನ ಕಡೆ ಹೋಗುವ ತನಕ ಕಾದೆ. ಆಮೇಲೆ ಮಣೆಯ ಮೇಲೆ ಕೂತು, ಒಂದೊಂದೇ ಎಣಿಸಿ, ಗುಂಡಿಯನ್ನು ಹದಿನಾರಕ್ಕೆ ತಿರುಗಿಸಿದೆ. ಆ ಕಡೆಯಿಂದ ಅವಳು ಗೋಡೆ ಬಡಿದಳು. ಅವಳಿಗೆ ತಿಳಿಯಲಿ ಅಂತ ಕೂಡಲೇ ಮೂರಕ್ಕೆ ಇಳಿಸಿದೆ, ಹೋಗಿ ಬಾಗಿಲ ಚಿಲಕ ತೆಗೆದೆ, ಎರಡು ಕಪ್ಪಿನ ಚಹಾಕ್ಕೆ ನೀರಿಟ್ಟೆ.