ಪುಡಿ ಆಂಜನಪ್ಪ ಸದನ ನೋಡಿ ಬಂದದ್ದು

ಶೆಟ್ಟಿಕೆರೆಯ ಸುತ್ತಿನ ಹಳ್ಳಿಗಳಲ್ಲಿ ಬರೀ ಆಂಜನಪ್ಪ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಪುಡಿ ಆಂಜನಪ್ಪ ಅನ್ನಬೇಕಿತ್ತು. ಆರೋಗ್ಯ ಇಲಾಖೆಯಲ್ಲಿ ಅವನದು ತೀರ ಕೆಳಗಿನ ಕೆಲಸ. ಸೈಕಲ್ಲಿನ ಹಿಂದೆ ಬ್ಲೀಚಿಂಗ್ ಪುಡಿಯ ಡಬ್ಬ ಕಟ್ಟಿಕೊಂಡು ಊರೂರು ತಿರುಗುವುದು, ಸೇದೋ ಬಾವಿಯ ಆಳ ಅಳೆದು ಪುಡಿ ಕಲಸಿ ಬಿಡುವುದು. ಹನ್ನೊಂದು ವರ್ಷದಲ್ಲಿ ಅವನ ಷರ್ಟುಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಬಣ್ಣ ಬಿಟ್ಟಿದ್ದವು. ನೀರು ವಾಸನೆ ಹೊಡೆಯುತ್ತದೆಂದು ಹೆಂಗಸರು ಬೈಯುತ್ತಿದ್ದರು. ಅವನು ನಕ್ಕು ಮುಂದಿನ ಊರಿಗೆ ಹೋಗುತ್ತಿದ್ದ.

ಎಪ್ಪತ್ತರ ದಶಕದ ಒಂದು ಬೇಸಿಗೆ. ವರ್ಷಗಟ್ಟಲೆಯಿಂದ ದೇಶ ದೇಶ ತಿರುಗುತ್ತಿದ್ದ ಕಾಲರಾ ಆ ಸಲ ಇತ್ತಲೂ ಬಂತು. ಮೊದಲು ಬಿದ್ದದ್ದು ಬೋರೆಗುಡ್ಡದ ಮೇಲಿನ ಗೊಲ್ಲರಹಟ್ಟಿಗೆ. ನಲವತ್ತು ಗುಡಿಸಲಿಗೆ ಇದ್ದದ್ದು ಒಂದೇ ಬಾವಿ. ಒಂದೇ ವಾರದಲ್ಲಿ ಇಬ್ಬರು ಹೋದರು. ಆಂಜನಪ್ಪ ಡಬ್ಬದ ತಳ ಕೆರೆದು ಹಾಕಿ ತಾಲ್ಲೂಕು ಉಗ್ರಾಣಕ್ಕೆ ಓಡಿದ.

"ಚೀಲ ಖಾಲಿ ಆಗಿ ತಿಂಗಳಾಯ್ತು ಕಣಪ್ಪ," ಅಂದ ಗುಮಾಸ್ತ. "ಈ ಸಾಲಿನ ಗ್ರಾಂಟು ಮುಗೀತು. ಇನ್ನು ಹೊಸ ಬಜೆಟ್ ಪಾಸಾಗಬೇಕು."

ತಿಪಟೂರಿನ ಅಂಗಡಿಯಲ್ಲಿ ಅವನು ಕೈಯಿಂದ ದುಡ್ಡು ಹಾಕಿ ಕೊಂಡು ತಂದ ಪುಡಿ ಆರು ದಿನಕ್ಕಾಯಿತು. ಆಮೇಲೆ ಅಂಗಡಿಯಲ್ಲೂ ಸಿಗಲಿಲ್ಲ. ನೀರು ಕಾಯಿಸಿ ಕುಡಿಯಿರಿ ಎಂದು ಹಟ್ಟಿಯವರಿಗೆ ಹೇಳಿದ. ಹಟ್ಟಿಯ ಯಜಮಾನ ಎತ್ತಪ್ಪ, ಅರವತ್ತು ದಾಟಿದವನು, ಸುತ್ತಲಿನ ಬೋಳು ಬೋರೆಯನ್ನು ತೋರಿಸಿದ. "ಸೌದೆ ಎಲ್ಲೈತೆ ಆಂಜನಪ್ಪಾರೆ? ಮುದ್ದೆ ಬೇಯ್ಸಾಕೇ ಪುಳ್ಳೆ ಇಲ್ಲ."

"ಬಜೆಟ್ಟಲ್ಲಿ ಪುಡಿಗೆ ದುಡ್ಡು ಇಟ್ಟವ್ರೆ ಯಜಮಾನ್ರೇ, ರೇಡಿಯೋದಲ್ಲಿ ಕೇಳ್ದೆ. ಹಟ್ಟಿಗಳಿಗೆ ಹೊಸ ಬಾವೀನೂ ಅಂತೆ. ಪಾಸಾಗೋಗಂಟ ತಡೀಬೇಕು."

"ಅಲ್ಲೀಗಂಟ ನೀರು ಕುಡೀದಂಗೆ ಇರಾಣಾ?"

ಆಂಜನಪ್ಪ ಖಾಲಿ ಡಬ್ಬವನ್ನು ಸೈಕಲ್ಲಿಗೆ ಕಟ್ಟಿದ.

ಆ ಭಾನುವಾರ ಶಾಸಕರು ಒಂದು ಮದುವೆಗೆ ಬಂದಿದ್ದರು. ಇಬ್ಬರೂ ಹೋಗಿ ಊಟದ ಪಂಕ್ತಿಯ ಹೊರಗೆ ಕಾದು ಕೈಮುಗಿದರು. ಶಾಸಕರು ಒಳ್ಳೆಯವರೇ. ಎಲ್ಲ ಕೇಳಿದರು, ಹಟ್ಟಿಯ ಹೆಸರು ಬರೆದುಕೊಂಡರು. "ಬುಧವಾರ ಆರೋಗ್ಯ ಇಲಾಖೆಯ ಹಣದ ಬೇಡಿಕೆ ಸದನಕ್ಕೆ ಬರ್ತದೆ. ನಾನು ಎದ್ದು ಕೇಳ್ತೀನಿ. ನೀವೂ ಬನ್ನಿ, ಪಾಸು ಕೊಡಿಸ್ತೀನಿ. ಮಂತ್ರಿಗಳಿಗೂ ತೋರಿಸಾಣ."

ಆಂಜನಪ್ಪ ರಜೆ ಹಾಕಿದ. ಎತ್ತಪ್ಪ ಹೆಂಡತಿ ಜುಂಜಮ್ಮನಿಗೆ ಕುರಿ ಒಪ್ಪಿಸಿ ಹೊರಟ. ಬುಧವಾರ ಬೆಳಗಿನ ಬಸ್ಸು ಹತ್ತಿ ಬೆಂಗಳೂರು ಮುಟ್ಟಿದಾಗ ಹನ್ನೊಂದಾಗಿತ್ತು. ಸದನದ ಬಾಗಿಲಲ್ಲಿ ಎತ್ತಪ್ಪನ ದೊಣ್ಣೆ, ಕಂಬಳಿ ಎರಡನ್ನೂ ಇಸಿದುಕೊಂಡರು. ಕಂಬಳಿಯಿಲ್ಲದ ಹೆಗಲನ್ನು ಕೈಯಿಂದ ಮುಚ್ಚಿಕೊಂಡು ಅವನು ಗ್ಯಾಲರಿಯಲ್ಲಿ ಕೂತ. ಮಾತಾಡಬಾರದು, ಏಳಬಾರದು, ಕಾಲಮೇಲೆ ಕಾಲು ಹಾಕಬಾರದು ಎಂದು ಕಾವಲಿನವನು ಹೇಳಿಹೋದ.

ಕೆಳಗೆ ಸದನ ನಡೆಯುತ್ತಿತ್ತು. ತುರ್ತಿನ ಮಸೂದೆಗಳು ಎರಡಿವೆ, ಮೊದಲು ಅವನ್ನು ಮುಗಿಸಬೇಕು ಎಂದರು ಸಭಾಧ್ಯಕ್ಷರು. ಒಂದು ಯಾವುದೋ ತೆರಿಗೆಯದು. ಅದರ ಒಂದು ಪದದ ಮೇಲೆ ಗಂಟೆಗಟ್ಟಲೆ ಜಗಳವಾಯಿತು. ಇನ್ನೊಂದು ರೋಗದ್ದೇ: ಮನೆಯಲ್ಲಿ ಸಾಂಕ್ರಾಮಿಕ ಬಂದದ್ದನ್ನು ತಿಳಿಸದೆ ಮುಚ್ಚಿಟ್ಟವರಿಗೆ ದಂಡ ಹಾಕುವುದು.

ಎತ್ತಪ್ಪ ಮೆಲ್ಲಗೆ ಬಗ್ಗಿದ. "ನಮ್ಗೇನಾ ದಂಡ?"

"ಸುಮ್ಕಿರಿ. ಮುಚ್ಚಿಟ್ಟೋರಿಗೆ."

"ನಾವು ಹೇಳಾಕೇ ಬಂದಿದೀವಲ್ಲ."

ಇಳಿಹೊತ್ತಿಗೆ ಅವರ ಶಾಸಕರು ಕಾಗದ ಹಿಡಿದು ಎದ್ದರು. "ಸ್ವಾಮಿ, ನನ್ನ ಕ್ಷೇತ್ರದ ಹಟ್ಟಿಯೊಂದರಲ್ಲಿ..." ಎನ್ನುವಷ್ಟರಲ್ಲಿ ಗಂಟೆ ಮೊಳಗಿತು. ಇವತ್ತೇ ಎಲ್ಲ ಬೇಡಿಕೆಗಳನ್ನೂ ಮತಕ್ಕೆ ಹಾಕಬೇಕು, ಚರ್ಚೆಗೆ ವೇಳೆ ಇಲ್ಲ, ದಯವಿಟ್ಟು ಕೂತುಕೊಳ್ಳಿ ಎಂದರು ಸಭಾಧ್ಯಕ್ಷರು. ಶಾಸಕರು ಇನ್ನೊಂದು ಸಲ ಬಾಯಿ ತೆರೆದರು, ಆಮೇಲೆ ಕೂತರು.

ಆಂಜನಪ್ಪ ತನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದ. ಬಾವಿಯ ಸುತ್ತಳತೆ, ಆಳ, ಬೇಕಾದ ಪುಡಿ, ಸತ್ತ ಇಬ್ಬರ ಹೆಸರು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಹಿಂದಿನಿಂದ ಕಾವಲಿನವನ ಕೈ ಹೆಗಲಮೇಲೆ ಬಿತ್ತು. ಕೂತ.

ಆರೋಗ್ಯ ಇಲಾಖೆಯ ಸರದಿ ಬಂದು ಹೋದದ್ದು ಅವನಿಗೆ ಸರಿಯಾಗಿ ತಿಳಿಯಲೇ ಇಲ್ಲ. ಒಂದು ಕಡೆಯಿಂದ "ಹೌದು" ಎಂದು ಕೂಗಿದರು, ಇನ್ನೊಂದು ಕಡೆಯಿಂದ "ಇಲ್ಲ" ಎಂದು ಕೂಗಿದರು. ಅಂಗೀಕಾರವಾಯಿತು ಎಂದರು. ಮುಂದಿನ ಇಲಾಖೆಯ ಹೆಸರು ಓದಿದರು.

ಹೊರಗೆ ಮೊಗಸಾಲೆಯಲ್ಲಿ ಸಿಕ್ಕಿದ ಶಾಸಕರ ಮುಖ ಸಪ್ಪಗಿತ್ತು. "ಪಾಸಂತೂ ಆಯ್ತು ಆಂಜನಪ್ಪ. ಮೇಲ್ಮನೆ, ರಾಜ್ಯಪಾಲರ ರುಜು, ಆಮೇಲೆ ಆರ್ಡರು, ಟೆಂಡರು. ಜೂನ್ ಹೊತ್ತಿಗೆ ಬಂದ್ಬಿಡ್ತದೆ." ಮಂತ್ರಿಗಳು ಆಗಲೇ ಕಾರು ಹತ್ತಿ ಹೋಗಿದ್ದರು.

ಮಾರನೆಯ ದಿನ ಅವರು ಹಟ್ಟಿ ಸೇರಿದಾಗ ಜುಂಜಮ್ಮ ಮಲಗಿದ್ದಳು. ಬೆಳಗಿನಿಂದ ವಾಂತಿಭೇದಿ, ಕಣ್ಣು ಒಳಗೆ ಹೋಗಿತ್ತು. ಆಂಜನಪ್ಪ ಸೈಕಲ್ ತುಳಿದುಕೊಂಡು ಆಸ್ಪತ್ರೆಗೆ ಹೋದ. ಸಲೈನಿನ ಬಾಟಲಿ ಒಂದೂ ಉಳಿದಿರಲಿಲ್ಲ. ಎಳನೀರಾದರೂ ಕುಡಿಸು ಎಂದರು ಡಾಕ್ಟರು. ಆ ಸೀಮೆಯಲ್ಲಿ ಎತ್ತ ನೋಡಿದರೂ ತೆಂಗು, ಆದರೆ ಎಳೆಗಾಯಿ ಕೀಳುವುದೆಂದರೆ ಅಲ್ಲಿಯವರಿಗೆ ಕೂಸಿನ ಮೇಲೆ ಕೈಮಾಡಿದ ಹಾಗೆ. ಕಾಯಿ ಬಲಿತು ಕೊಬ್ಬರಿಯಾಗಬೇಕು. ಆಂಜನಪ್ಪ ಕೇಳಲು ಹೋದಾಗ ತೋಟದ ಒಡತಿ ಹೊಂಬಾಳಮ್ಮ ಬಾಗಿಲಲ್ಲೇ ನಿಲ್ಲಿಸಿದಳು.

"ಎಳನೀರು ಕೀಳ್ಸಾದಾ? ನಮ್ಮತ್ತೆ ಕಾಲದಿಂದ ಕಿತ್ತಿಲ್ಲ ಕಣಪ್ಪ."

"ಒಂದು ಜೀವ ಹೋಗ್ತೈತೆ ಕಣಮ್ಮ. ಇಪ್ಪತ್ತು ಕಾಯಿ ಸಾಕು."

ಅವಳು ಮರ ಹತ್ತುವವನನ್ನು ತಾನೇ ಕೂಗಿದಳು. "ಇಪ್ಪತ್ತಲ್ಲ, ಐವತ್ತು ಕೀಳ್ಸು. ಮಲಗಿರೋರು ಇನ್ನೂ ಅವ್ರೆ ತಾನೆ?"

ಇನ್ನೂ ಒಂಬತ್ತು ಜನ ಮಲಗಿದ್ದರು. ಚಿಟಿಕೆ ಉಪ್ಪು ಬೆರೆಸಿ ಚಮಚ ಚಮಚವಾಗಿ ಕುಡಿಸಿದರು. ಆರು ಜನ ಎದ್ದು ಕೂತರು, ಮೂವರು ಮಲಗಿದಲ್ಲೇ ಕುಡಿಯುತ್ತಿದ್ದರು. ಜುಂಜಮ್ಮ ಏಳಲಿಲ್ಲ. ಬಾಯಿಗೆ ಹಾಕಿದ್ದು ಕಟವಾಯಿಂದ ಇಳಿದುಹೋಗುತ್ತಿತ್ತು. ಎತ್ತಪ್ಪ ಅವಳ ಗಲ್ಲವನ್ನು ಒರೆಸುತ್ತಲೇ ಇದ್ದ. ಉಸಿರು ನಿಂತ ಮೇಲೂ ಒರೆಸುತ್ತಿದ್ದ. ಸಾಕು ಬುಡಿ ಎಂದು ಆಂಜನಪ್ಪನೇ ಅವನ ಕೈ ಹಿಡಿದ.

ಪುಡಿ ಜೂನ್ ಕೊನೆಗೆ ಬಂತು, ಮೂರು ಚೀಲ. ಡಬ್ಬ ತುಂಬಿಕೊಂಡು ಹೋದರೆ ಬೋರೆಯ ಮೇಲೆ ಹಟ್ಟಿಯೇ ಇರಲಿಲ್ಲ. ಒಲೆಗಲ್ಲುಗಳು, ಮುರಿದ ಬೇಲಿ, ಬಾವಿ ಅಷ್ಟೇ. ಸಾವಿನ ಜಾಗ ಬೇಡವೆಂದು ಹಟ್ಟಿಯವರು ಕೆಂಕೆರೆ ಕಡೆ ಹೋದರು ಎಂದು ಯಾರೋ ಹೇಳಿದರು. ಅದು ಅವನ ಸರ್ಕಲ್ಲಿಗೆ ಸೇರಿದ್ದಲ್ಲ. ಆದರೂ ಹೋದ. ಹುಡುಕಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು.

ಎತ್ತಪ್ಪ ಎದ್ದು ಬಂದು ಕಂಬಳಿ ಹಾಸಿದ, ಮಜ್ಜಿಗೆ ತರಿಸಿದ. ಮಳೆಯ ಮಾತಾಡಿದ, ಒಂದು ಕುರಿ ಕುಂಟುತ್ತಿರುವುದನ್ನು ಹೇಳಿದ. ಪುಡಿಯ ಮಾತೆತ್ತಲಿಲ್ಲ, ಬೆಂಗಳೂರಿನ ಮಾತನ್ನೂ ಎತ್ತಲಿಲ್ಲ. ಎರಡು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಆಂಜನಪ್ಪನಿಗೆ. 

"ನೀರು ಎಲ್ಲಿಂದ ತರ್ತೀರಿ ಈಗ?" ಎಂದು ಕೇಳಿದ.

ಎತ್ತಪ್ಪ ಹಳ್ಳದ ಕಡೆ ಕೈ ತೋರಿಸಿದ. ಮರಳಿನಲ್ಲಿ ಒಂದು ಗುಂಡಿ ತೋಡಿದ್ದರು. ಅದರ ಈ ಬದಿಯಲ್ಲಿ ಹೆಂಗಸರು ಬಿಂದಿಗೆ ತುಂಬುತ್ತಿದ್ದರು, ಆ ಬದಿಯಲ್ಲಿ ಕುರಿಗಳು ಬಾಯಿ ಹಾಕಿದ್ದವು. ಆಂಜನಪ್ಪ ಎದ್ದು ಸೈಕಲ್ಲಿನಿಂದ ಡಬ್ಬ, ಅಳತೆಯ ಹಗ್ಗ ಬಿಚ್ಚಿಕೊಂಡು ಗುಂಡಿಯ ಆಳ ನೋಡಲು ಹಳ್ಳಕ್ಕೆ ಇಳಿದ.