ಕೂತು ನೋಡಿದ ಅಂಗಿ

ಜೀವಮಾನವೆಲ್ಲ ಬಸ್ಸಿನಲ್ಲಿ ‘ರೈಟ್, ರೈಟ್’ ಎಂದು ಕೂಗಿ ನಿವೃತ್ತನಾದ ಕಂಡಕ್ಟರ್ ಮಾವನಿಗೆ ಹೆಂಡತಿ ಒಂದೇ ಷರತ್ತು ಹಾಕಿದ್ದಳು. ಖಾಕಿ ಬಣ್ಣ ತೊಟ್ಟು ಬಂದರೆ ನಾಳೆಯ ಬಸ್ ಪ್ರವಾಸಕ್ಕೆ ತಾನು ಬರುವುದಿಲ್ಲ. ಮದುವೆಯಾದಾಗಿನಿಂದ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತದ್ದೇ ಇಲ್ಲ. ಆತ ಸದಾ ನಿಂತೇ ಇರುತ್ತಿದ್ದ.

ಬಟ್ಟೆ ಆರಿಸಿಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ ತನ್ನ ಗೆಳತಿಯೊಬ್ಬಳನ್ನು ಸೊಸೆಯು ಮಾವನ ಜೊತೆಗೆ ಕಳಿಸಿದಳು. ಅಂಗಡಿಯಲ್ಲಿ ಮಾವ ಮಗುವಿನಂತೆ ಕಣ್ಣರಳಿಸಿ ಕಂಡದ್ದನ್ನೆಲ್ಲ ಮುಟ್ಟಿದ. ಕೈ ಮಾತ್ರ ಹೋಗಿ ಹೋಗಿ ಮಣ್ಣುಬಣ್ಣದ ಅಂಗಿಗಳ ಮೇಲೇ ಬಿತ್ತು.

“ಇದು ಖಾಕಿ ಅಲ್ಲಮ್ಮಾ, ಬಿಸ್ಕತ್ತಿನ ಬಣ್ಣ!”

“ಅದನ್ನ ಅತ್ತೆಗೆ ನೀವೇ ಹೇಳಿ, ಮಾವ,” ಎನ್ನುತ್ತ ಆ ಗೆಳತಿ ನವಿಲುನೀಲಿ ಅಂಗಿಯೊಂದನ್ನು ಕೈಗಿಟ್ಟಳು.

ಅದನ್ನು ತೊಟ್ಟ ಮಾವ ಕನ್ನಡಿ ಮುಂದೆ ನಿಂತು, ಬಸ್ಸಿನ ಕಂಬಿ ಹಿಡಿಯುವವನಂತೆ ಕೈ ಮೇಲೆತ್ತಿದ. ಅಂಗಿ ಹೊಟ್ಟೆ ಬಿಟ್ಟು ಮೇಲೇರಿತು.

“ಗಿಡ್ಡ ಆಯ್ತು ಕಣಮ್ಮ, ಬೇಡ!”

“ನಾಳೆ ನೀವು ನಿಲ್ಲೋದಿಲ್ಲ ಮಾವ. ಕೂತು ನೋಡಿ.”

ಮಾವ ಬೆಂಚಿನ ಮೇಲೆ ಕೂತ. ಅಂಗಿ ಅಳತೆ ಕೊಟ್ಟು ಹೊಲಿಸಿದಂತಿತ್ತು. ಕನ್ನಡಿಯನ್ನೇ ನೋಡುತ್ತ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಸರಿದು ಕೂತ. ಆಮೇಲೆ ಅಂಗಡಿಯೇ ಬೆಚ್ಚಿಬೀಳುವಂತೆ ಕೂಗಿದ:

“ಇದೇ ಅಳತೇದು ಇನ್ನೂ ನಾಲ್ಕು ಬಣ್ಣದಲ್ಲಿ ಕೊಡಿ! ರೈಟ್, ರೈಟ್!”

ಆ ಕೂಗಿಗೇ ಕಾದಿದ್ದವನಂತೆ ಅಂಗಡಿಯವನು ಬಿಲ್ಲಿನ ಯಂತ್ರಕ್ಕೆ ಕೈ ಹಾಕಿದ.